ತಿಕೋಟಾದ ಗೋಡೆಯ ಮೇಲೆ ಜರ್ಮನಿಯ ಸಿಂಹ

ಗಣಿತದ ಮಾಸ್ತರರು ತಪ್ಪು ಮಾಡಿದರೆ ಹಲಗೆ ಒರೆಸಿದರೆ ಮುಗಿಯಿತು. ಕನ್ನಡದ ಮಾಸ್ತರರು ತಪ್ಪು ಮಾಡಿದರೆ ಅದು ಹಳಗನ್ನಡ ಅಂದರೆ ಮುಗಿಯಿತು. ಚಿತ್ರ ಕಲಿಸುವ ನಮ್ಮಂಥವರ ತಪ್ಪು ಮಾತ್ರ ಗೋಡೆಯ ಮೇಲೆ, ಎಣ್ಣೆಬಣ್ಣದಲ್ಲಿ, ಆಳೆತ್ತರ ನಿಂತು ಹೋಗಿಬರುವವರಿಗೆಲ್ಲ ನಮಸ್ಕಾರ ಹೇಳುತ್ತಿರುತ್ತದೆ. ಇಷ್ಟು ವರ್ಷದ ನೌಕರಿಯಲ್ಲಿ ಇಂಥವು ಹಲವು ಆಗಿವೆ, ಇನ್ನೂ ಆಗುತ್ತಲೇ ಇವೆ. ಅದರಲ್ಲಿ ಜರ್ಮನಿಯ ಒಂದು ಜಿಲ್ಲೆಯ ಧ್ವಜ ಮತ್ತು ಲಾಂಛನದ ದೆಸೆಯಿಂದ ಹದಿನೈದು ದಿನದೊಳಗೆ ಆದವನ್ನು ಇಲ್ಲಿ ಹೇಳುತ್ತೇನೆ. ಆಗ ನನಗೆ ಒಂದಕ್ಕೂ ನಗು ಬಂದಿರಲಿಲ್ಲ.

ಉಗುರಿನಷ್ಟು ಚಿತ್ರ

ನಾನು ತಿಕೋಟಾದ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ಮನೆ ವಿಜಯಪುರದ ಜಲನಗರದಲ್ಲಿ. ಒಂದು ಸೋಮವಾರ ಪ್ರಾರ್ಥನೆ ಮುಗಿಯುತ್ತಲೇ ಹೆಡ್ ಮೇಡಂ ನನ್ನನ್ನು ಕೋಣೆಗೆ ಕರೆಸಿದರು. ಅವರ ಎದುರಿಗೆ ಶಾಲಾ ಸಮಿತಿಯ ಅಧ್ಯಕ್ಷರು ಕೂತಿದ್ದರು. ಅವರು ದ್ರಾಕ್ಷಿ ಬೆಳೆಗಾರರು. ಏನು ಮಾತಾಡಿದರೂ ಕೊನೆಗೆ ದ್ರಾಕ್ಷಿಗೇ ಬಂದು ಮುಟ್ಟುವವರು.

"ಅಕ್ಕಾರ, ಜರ್ಮನಿಯಿಂದ ಐದು ಮಂದಿ ಬರಾಕತ್ತಾರ್ರಿ," ಅಂದರು. "ಅವರೂ ನಮ್ಮಂಗ ದ್ರಾಕ್ಷಿ ಬೆಳೆಯಾವ್ರು. ನಮ್ಮ ತ್ವಾಟ, ದ್ರಾಕ್ಷಿ ಒಣಗಿಸಿ ಮಣೂಕ ಮಾಡೂ ಶೆಡ್ ಎಲ್ಲಾ ನೋಡತಾರಂತ. ದಾರ್ಯಾಗ ಒಂದ್ ತಾಸು ನಮ್ಮ ಸಾಲಿಗೂ ಕರಕೊಂಡು ಬರತೇನಿ."

ಹೆಡ್ ಮೇಡಂ ಮಾತು ಮುಂದುವರಿಸಿದರು. "ಅವರ ಜಿಲ್ಲಾಕ್ಕ ತನ್ನದ ಆದ ಧ್ವಜ ಐತಿ, ಲಾಂಛನ ಐತಿ. ಲಾಂಛನ ನಮ್ಮ ಗ್ವಾಡಿ ಮ್ಯಾಲ ದೊಡ್ಡದಾಗಿ ಬರೀಬೇಕು. ಧ್ವಜ ಹೊಲಿಸಬೇಕು. ಅಷ್ಟು ದೂರದಿಂದ ಬಂದವರು ತಮ್ಮ ಮನಿಗೇ ಬಂದೇವಿ ಅನ್ಕೋಬೇಕು ನೋಡ್ರಿ."

ಜಿಲ್ಲೆಗೊಂದು ಧ್ವಜ ಇರುತ್ತದೆ ಅನ್ನುವುದೇ ನನಗೆ ಹೊಸ ಸುದ್ದಿ. "ನಮ್ಮ ವಿಜಯಪುರ ಜಿಲ್ಲಾಕ್ಕ ಧ್ವಜ ಐತೇನ್ರಿ ಮೇಡಂ?" ಅಂದೆ.

ಅವರು ಸಮಾಜ ವಿಜ್ಞಾನ ಕಲಿಸುವವರು. ಸ್ವಲ್ಪ ಯೋಚನೆ ಮಾಡಿ, "ಧ್ವಜ ಇಲ್ಲ. ನಮಗ ಗೋಳಗುಮ್ಮಟ ಐತಲ್ಲ," ಅಂದರು.

"ಅದನ್ನ ಕೋಲಿಗೆ ಕಟ್ಟಾಕ ಬರೂದಿಲ್ರಿ," ಅಂದರು ಅಧ್ಯಕ್ಷರು, ಬಹಳ ಗಂಭೀರವಾಗಿ.

ಆ ಜರ್ಮನ್ ಜಿಲ್ಲೆಯ ಹೆಸರು ಗೂಡ್ಸ್ ಗಾಡಿಯಷ್ಟು ಉದ್ದ ಇತ್ತು. ಹೆಡ್ ಮೇಡಂ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಫೋನಿನಲ್ಲಿ ಹುಡುಕಿ, ಸಿಕ್ಕ ಧ್ವಜದ, ಲಾಂಛನದ ಚಿತ್ರಗಳನ್ನು ನನಗೆ ಕಳಿಸಿದರು. ಲಾಂಛನದ ಚಿತ್ರ ಉಗುರಿನಷ್ಟೇ ಇತ್ತು. ದೊಡ್ಡದು ಮಾಡಿದರೆ ಕಸೂತಿಯ ಹಾಗೆ ಚೌಕ ಚೌಕವಾಗಿ ಒಡೆಯುತ್ತಿತ್ತು. ಒಂದು ಗುರಾಣಿ, ಅದರೊಳಗೆ ಒಂದು ಗಾಲಿ, ಹಿಂಗಾಲ ಮೇಲೆ ಎದ್ದು ನಿಂತ ಒಂದು ಪ್ರಾಣಿ, ಕೆಳಗೆ ಉಂಡೆ ಉಂಡೆಯಾಗಿ ಇನ್ನೇನೋ. ಆ ದಿನ ಊಟದ ಬಿಡುವಿನಲ್ಲಿ ಶಿಕ್ಷಕರ ಕೋಣೆಯಲ್ಲಿ ಅದರದೇ ಚರ್ಚೆ. ಪ್ರಾಣಿಯನ್ನು ಒಬ್ಬರು ಕರಡಿ ಅಂದರು, ಇನ್ನೊಬ್ಬರು ಕುದುರೆ ಅಂದರು. ಗಣಿತದ ಮಾಸ್ತರರು ನನ್ನ ಫೋನ್ ಇಸಿದುಕೊಂಡು ಎರಡು ಬೆರಳಿನಿಂದ ಹಿಗ್ಗಿಸಿದರು, ಮತ್ತೂ ಹಿಗ್ಗಿಸಿದರು. ಕೊನೆಗೆ ಇಡೀ ಪರದೆಯ ಮೇಲೆ ಒಂದೇ ಒಂದು ಚೌಕ ಉಳಿಯಿತು. ಅದನ್ನು ಎಲ್ಲರಿಗೂ ತೋರಿಸಿ ಅಂದರು:

"ಈಗ ಸ್ಪಷ್ಟ ಆತು ನೋಡ್ರಿ. ಅದು ಕರೇ ಬಣ್ಣ."

ಎರಡು ಅರ ಕಡಿಮೆ

ನನ್ನ ಅಪ್ಪ ಪೇಂಟರ್. ವಿಜಯಪುರದ ಅಂಗಡಿಗಳ ಬೋರ್ಡು, ಗೋಡೆಯ ಜಾಹೀರಾತು, ಸಾಲಿಗಳ ನುಡಿಮುತ್ತು, ಇವನ್ನೆಲ್ಲ ಬರೆದು ನನ್ನನ್ನು ಓದಿಸಿದವನು. ಫ್ಲೆಕ್ಸ್ ಬಂದ ಮೇಲೆ ಅಪ್ಪನಿಗೆ ಕೆಲಸ ನಿಂತಿತು. ಅಂದಿನಿಂದ ಬಸ್ಸಿನಲ್ಲಿ ಕಿಟಕಿಯ ಕಡೆ ಕೂಡುವುದನ್ನೂ ಬಿಟ್ಟ. ಹೊರಗೆ ನೋಡಿದರೆ ಊರ ತುಂಬ ಫ್ಲೆಕ್ಸೇ. ಈಚೆಗೆ ಬಲಗೈ ನಡುಗುವುದಕ್ಕೆ ಶುರುವಾಗಿದೆ. ಚಹಾ ಕುಡಿಯುವಾಗ ಕಪ್ಪು ಬಸಿಗೆ ತಾಗಿ ಟಿಕ್ ಟಿಕ್ ಸದ್ದಾದರೆ ನಾನು ಕೇಳಿಸದವಳಂತೆ ಒಳಗೆ ಹೋಗುತ್ತೇನೆ.

ಆ ಸಂಜೆ ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ.

"ಸಿಂಹ," ಅಂದ. "ಯಾರ ಬರೀತಾರ ಇದನ್ನ?"

"ನಾನ ಬರೀತೇನಿ."

"ನಿಂದು ಕಾಗದದ ಕೈ ಐತಿ, ಯವ್ವಾ. ಹತ್ತು ಅಡಿ ಗ್ವಾಡಿಗೆ ಬ್ಯಾರೆ ಕೈ ಬೇಕು."

"ನಿನ್ನ ಕೈ ನಡಗತೈತಲ್ಲಪ್ಪಾ," ಅಂದುಬಿಟ್ಟೆ. ಅಂದ ಮೇಲೆ ಯಾಕೆ ಅಂದೆನೋ ಅನ್ನಿಸಿತು. ಅಪ್ಪ ಕನ್ನಡಕ ತೆಗೆದಿಟ್ಟ. ಮರುದಿನ ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕುಂಚಗಳ ಗಂಟು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಬಸ್ಸಿನಲ್ಲಿ ಕಿಟಕಿಯ ಕಡೆಯೇ ಕೂತ.

ಎರಡು ಡೆಸ್ಕಿನ ಮೇಲೆ ಒಂದು ಬೆಂಚು ಇಟ್ಟು ಹತ್ತಿಸಿದೆ. ಬಿಡುವಿದ್ದಾಗಲೆಲ್ಲ ಬೆಂಚು ಹಿಡಿದು ನಿಲ್ಲುವುದು ನನ್ನ ಕೆಲಸ. ಅಪ್ಪ ಎಡಗೈಯಲ್ಲಿ ಒಂದು ಕೋಲು ಹಿಡಿದು ಅದರ ತುದಿಯನ್ನು ಗೋಡೆಗೆ ಆನಿಸಿ, ಆ ಕೋಲಿನ ಮೇಲೆ ಬಲಗೈಯ ಮಣಿಕಟ್ಟು ಇಟ್ಟು ಬರೆಯುತ್ತಿದ್ದ. ಕೋಲಿನ ಮೇಲೆ ಇರುವವರೆಗೆ ಕೈ ಸುಮ್ಮನಿರುತ್ತಿತ್ತು.

ಮೊದಲು ಗಾಲಿ. ಮಧ್ಯಾಹ್ನ ನಾನು ಪಾಠ ಮುಗಿಸಿ ಬಂದು ನೋಡಿದರೆ ಗಾಲಿಗೆ ಎಂಟು ಅರ. ನಮ್ಮದು ಬೌದ್ಧರ ಮನೆ. ಅಪ್ಪ ವಿಹಾರದಲ್ಲಿ ಎಷ್ಟೋ ಸಲ ಧಮ್ಮಚಕ್ರ ಬರೆದವನು. ಅದರ ಎಂಟು ಅರ ಅಂದರೆ ಬುದ್ಧ ಹೇಳಿದ ದಾರಿಯ ಎಂಟು ಅಂಗ.

"ಅಪ್ಪಾ, ಚಿತ್ರದಾಗ ಆರ ಅದಾವ," ಅಂದೆ.

"ಎಣಸೇನಿ. ಎರಡು ಕಡಿಮಿ ಅದಾವ. ಮುರದಿರಬೇಕು ಪಾಪ ಅಂತ ಕೂಡಿಸಿದೆ."

"ಅವರದು ಆರ ಇರೂದಪ್ಪಾ. ಅದು ಬ್ಯಾರೆ ಗಾಲಿ."

ಅಪ್ಪ ಬೆಂಚಿನ ಮೇಲೆ ನಿಂತೇ ವಿಚಾರ ಮಾಡಿದ. ಸೀಮೆಎಣ್ಣೆಯ ಬಟ್ಟೆಯಿಂದ ಎರಡು ಅರಗಳನ್ನು ಬಹಳ ನಿಧಾನಕ್ಕೆ, ಮನಸ್ಸಿಲ್ಲದ ಮನಸ್ಸಿನಿಂದ ಒರೆಸಿದ. ಕೆಳಗಿಳಿದ ಮೇಲೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಅಂದ:

"ಬಂದಾಗ ಒಂದ ಮಾತು ಕೇಳಬೇಕು ನೋಡು. ಎಂಟರಾಗ ಯಾವ ಎರಡು ಬಿಟ್ಟಾರ ಅಂತ."

ಹತ್ತಿ ಎಲಿ

ಗುರಾಣಿಯ ಕೆಳಗಿನ ಉಂಡೆಗಳು ದ್ರಾಕ್ಷಿ ಅಂತ ತಿಳಿಯಲು ನಮಗೆ ಎರಡು ದಿನ ಬೇಕಾಯಿತು. ತಿಕೋಟಾದವರಿಗೆ ಎರಡು ನಿಮಿಷವೂ ಬೇಕಾಗಲಿಲ್ಲ. ನಮ್ಮ ಶಾಲೆಯ ಗೋಡೆ ರಸ್ತೆಯ ಕಡೆಗಿದೆ. ಅಪ್ಪ ಗೊಂಚಲಿನ ಗೆರೆ ಎಳೆದದ್ದೇ ತಡ, ಹೋಗುವ ಮೋಟರ್ ಸೈಕಲ್ಲುಗಳೆಲ್ಲ ನಿಂತವು. ನಲವತ್ತು ವರ್ಷ ಬೋರ್ಡು ಬರೆದ ಅಪ್ಪನಿಗೆ ಜನ ನಿಂತು ನೋಡುವುದು ಹೊಸದೇನಲ್ಲ. ಆದರೆ ಈ ಜನ ನೋಡಲಿಕ್ಕೆ ನಿಂತವರಲ್ಲ, ತಪಾಸಣೆಗೆ ನಿಂತವರು.

"ಪೇಂಟರ್ ಕಾಕಾ, ಅದು ದ್ರಾಕ್ಷಿ ಎಲಿ ಅಲ್ರಿ. ಹತ್ತಿ ಎಲಿ ಆಗೇತಿ," ಅಂದ ಒಬ್ಬ.

"ಗೊನಿ ಭಾಳ ಗಿಚ್ಚ ಆತು. ನಡು ಗಾಳಿ ಆಡೂದಿಲ್ಲ. ಒಂದಿಷ್ಟು ಕಾಯಿ ತಗೀರಿ," ಅಂದ ಇನ್ನೊಬ್ಬ.

ಅಪ್ಪ ಕುಂಚ ಎತ್ತಿ ಕಾಯಿ ತೆಗೆದ. ಎಲೆ ತಿದ್ದಿದ. ಒಬ್ಬ ರೈತ ತೋಟಕ್ಕೆ ಹೋಗಿ ಒಂದು ನಿಜವಾದ ಎಲೆಯನ್ನೇ ತಂದು ಬೆಂಚಿನ ಮೇಲೆ ಇಟ್ಟು ಹೋದ. ಅಪ್ಪ ಅದನ್ನು ನೋಡಿ ನೋಡಿ ನರ ನರವಾಗಿ ಬರೆದ. ಅಷ್ಟು ಸಂತೋಷದಲ್ಲಿ ಅವನನ್ನು ನೋಡಿ ನನಗೆ ಎಷ್ಟೋ ದಿನವಾಗಿತ್ತು. ಊರಿನವರು ತನ್ನ ಕೆಲಸದ ತಪ್ಪು ಹುಡುಕುತ್ತಿದ್ದಾರೆ ಅನ್ನುವುದೇ ಆ ಸಂತೋಷ. ಫ್ಲೆಕ್ಸಿನ ತಪ್ಪನ್ನು ಯಾರೂ ಹುಡುಕುವುದಿಲ್ಲವಲ್ಲ.

ಮರುದಿನ ಗೊಂಚಲಿಗೆ ಬಣ್ಣ ಬಿತ್ತು. ಲಾಂಛನದಲ್ಲಿ ಗೊಂಚಲು ಬಂಗಾರದ ಬಣ್ಣ, ಎಲೆ ಬಿಳಿ. ಅಪ್ಪ ಹಾಗೆಯೇ ತುಂಬಿದ. ಸಂಜೆ ಅಧ್ಯಕ್ಷರು ಬಂದರು. ಗೋಡೆಯ ಮುಂದೆ ಕೈ ಕಟ್ಟಿಕೊಂಡು ನಿಂತರು. ಹತ್ತಿರ ಹೋಗಿ ಬಿಳಿ ಎಲೆಯನ್ನು ನೋಡಿದರು. ಮುಖ ಗಂಭೀರವಾಯಿತು.

"ಅಕ್ಕಾರ, ಬೂದಿರೋಗ ಬಂದೈತ್ರಿ," ಅಂದರು.

"ಅವರ ಲಾಂಛನದಾಗ ಎಲಿ ಬೆಳ್ಳಗ ಐತ್ರಿ ಸರ," ಅಂದೆ.

ಅಧ್ಯಕ್ಷರು ಮತ್ತೊಮ್ಮೆ ಎಲೆಯ ಕಡೆ ನೋಡಿದರು. ಅವರ ಕಣ್ಣಲ್ಲಿ ದೂರದ ಬಳಗದವರ ಮೇಲಿನ ಮರುಕ ಕಾಣಿಸಿತು.

"ಅದಕ್ಕ ಪಾಪ," ಅಂದರು, "ನಮ್ಮನ್ನ ಕೇಳಾಕ ಇಷ್ಟು ದೂರ ಬರಾಕತ್ತಾರ."

ನಾಲಿಗೆ

ಸಿಂಹ ಬರೆಯಲು ಮೂರು ದಿನ ಹಿಡಿಯಿತು. ಕರೀ ಸಿಂಹ, ಕೆಂಪು ನಾಲಿಗೆ. ಲಾಂಛನದ ಸಿಂಹಗಳು ನಾಲಿಗೆ ಚಾಚಿಕೊಂಡೇ ಇರುತ್ತವೆ. ಹೆಡ್ ಮೇಡಂಗೆ ಅದು ಸರಿಬರಲಿಲ್ಲ.

"ಐದನೂರು ಹೆಣ್ಣುಮಕ್ಕಳು ಓಡಾಡೂ ಸಾಲಿ. ನಾಲಿಗಿ ಒಳಗ ತಗೋಳಾಕ ಹೇಳ್ರಿ."

"ನಾಲಿಗಿ ಇಲ್ಲಂದ್ರ ಅದು ಅವರ ಸಿಂಹ ಆಗೂದಿಲ್ರಿ ಮೇಡಂ."

"ಅರ್ಧಾ ಒಳಗ?"

ನಾನು ಉತ್ತರ ಹೇಳುವ ಮೊದಲೇ ಅಪ್ಪ ಮೇಲಿನಿಂದ ಬಗ್ಗಿ ನೋಡಿದ. ಹೆಡ್ ಮೇಡಂಗೆ ಅವನ ಮೇಲೆ ಬಹಳ ಗೌರವ. ಅವರ ತಂದೆಯ ಕಿರಾಣಿ ಅಂಗಡಿಯ ಬೋರ್ಡು ಅಪ್ಪನೇ ಬರೆದದ್ದು.

"ಬಾಯಾರ," ಅಂದ ಅಪ್ಪ, "ಈ ಬಿಸಲಾಗ ಎರಡು ಕಾಲ ಮ್ಯಾಲ ನಿಂತೈತಿ. ನೀರ ಅಂತೂ ಕೊಡಲಿಲ್ಲ. ನಾಲಿಗಿನರೆ ಹೊರಗ ಇರಲಿ ಬಿಡ್ರಿ."

ಬಬಲೇಶ್ವರದ ಟೇಲರ್

ಧ್ವಜ ಹೊಲಿಸಲು ಬಬಲೇಶ್ವರಕ್ಕೆ ಹೋದೆ. ಅಲ್ಲಿ ಅಪ್ಪನ ಹಳೆಯ ಗೆಳೆಯ ಒಬ್ಬ ಟೇಲರ್ ಇದ್ದಾನೆ. ಸಾಲಿ ಮಕ್ಕಳ ಸಮವಸ್ತ್ರ ಹೊಲಿಯುವುದೇ ಅವನ ಕಸುಬು. ಅಪ್ಪ ಲಾಂಛನವನ್ನು ಒಂದು ಬಿಳಿ ಬಟ್ಟೆಯ ತುಂಡಿನ ಮೇಲೆ ಬರೆದುಕೊಟ್ಟಿದ್ದ. ಧ್ವಜದ ನಡುವೆ ಅದನ್ನು ಇಟ್ಟು ಹೊಲಿದರೆ ಆಯಿತು. ಅಂದು ಸಂತೆ. ಬಸ್ ಸ್ಟ್ಯಾಂಡಿನಿಂದ ಅವನ ಅಂಗಡಿ ಮುಟ್ಟುವಷ್ಟರಲ್ಲಿ ಮೆಣಸಿನಕಾಯಿಯ ಘಾಟಿಗೆ ನಾಲ್ಕು ಸಲ ಸೀನಿದ್ದೆ.

ನಾನು ಬಟ್ಟೆ ಬಿಚ್ಚಿ ಮೇಜಿನ ಮೇಲೆ ಹರವಿದೆ. "ಕಾಕಾ, ಮ್ಯಾಲ ಕೆಂಪು ಬರಬೇಕು, ಕೆಳಗ ಹಳದಿ."

ಕಾಕಾ ಕತ್ತರಿ ಕೆಳಗಿಟ್ಟ. "ಉಲ್ಟಾ ಹೇಳಾಕತ್ತೀಯವ್ವಾ. ಮ್ಯಾಲ ಹಳದಿ, ಕೆಳಗ ಕೆಂಪು."

"ಅದು ನಮ್ಮ ಕನ್ನಡ ಬಾವುಟ, ಕಾಕಾ. ಇದು ಜರ್ಮನಿಯವರದು."

"ಯಾರದ ಇರಲಿ. ವರ್ಷಾ ನವೆಂಬರಿಗೆ ನಾ ನೂರು ಬಾವುಟ ಹೊಲಿತೇನಿ. ಕನ್ನಡ ಬಾವುಟ ಉಲ್ಟಾ ಹೊಲದಾಂವ ಅಂತ ನನ್ನ ಹೆಸರು ಕೆಡಸಬ್ಯಾಡ."

ನಾನು ಫೋನಿನಲ್ಲಿದ್ದ ಧ್ವಜದ ಚಿತ್ರ ತೋರಿಸಿದೆ. ಎರಡು ಸಲ ಚಹಾ ಬಂತು. ಸಂತೆಗೆ ಬಂದ ಒಂದಿಬ್ಬರು ಪಂಚಾಯಿತಿಗೆ ಕೂತರು. ಅವರೂ ಕಾಕಾನ ಕಡೆಯವರೇ ಆದರು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕೊನೆಗೆ ಕಾಕಾನೇ ಒಂದು ದಾರಿ ಕಂಡುಹಿಡಿದ. ಹಳದಿ ಮೇಲೆ ಇಟ್ಟು, ಕೆಂಪು ಕೆಳಗೆ ಇಟ್ಟು ಎರಡನ್ನೂ ಕೂಡಿಸಿ ಹೊಲಿದ. ಆಮೇಲೆ ಬಟ್ಟೆಯನ್ನು ತಿರುಗಿಸಿ ನನ್ನ ಮುಂದೆ ಇಟ್ಟ.

"ನಾ ಹೊಲಿಯೂದು ಸರಿಯಾಗೇ ಹೊಲದೇನಿ," ಅಂದ. "ನೀ ಹೆಂಗ ಹಿಡಕೋತಿ ಅದು ನಿನಗ ಬಿಟ್ಟದ್ದು."

ಲಾಂಛನವನ್ನು ನಡುವೆ ಇಟ್ಟು ಹೊಲಿದು, ಅಂಚು ಮಡಚಿ, ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ ಕೊಟ್ಟ. ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿ ಹೇಳಿದ:

"ಅಂಚಿನಾಗ ಎರಡು ಇಂಚು ಜಾಸ್ತಿ ಒಳಗ ಮಡಚೇನವ್ವಾ. ಮುಂದ ಜಿಲ್ಲಾ ಬೆಳದ್ರ ಬಿಚ್ಚಿಕೋಳಾಕ ಬರತೈತಿ."

ಶೀರ್ಷಾಸನ

ಅತಿಥಿಗಳು ಬರುವ ದಿನ ಎಲ್ಲರಿಗಿಂತ ಮೊದಲು ನಾನು ಮತ್ತು ಅಪ್ಪ ಶಾಲೆ ಮುಟ್ಟಿದೆವು. ವೇದಿಕೆಯ ಒಂದು ಮೂಲೆಯಲ್ಲಿ ಬಿದಿರಿನ ಕೋಲು ನೆಟ್ಟು ಆ ಧ್ವಜ ಕಟ್ಟಿದೆ. ಮೇಲೆ ಕೆಂಪು, ಕೆಳಗೆ ಹಳದಿ, ನಡುವೆ ಅಪ್ಪನ ಸಿಂಹ. ದೂರ ನಿಂತು ನೋಡಿದೆ, ಸರಿಯಾಗಿತ್ತು. ಹುಡುಗಿಯರಿಗೆ ರಂಗೋಲಿಯ ಬಣ್ಣ ಕೊಡಲು ಒಳಗೆ ಹೋದೆ.

ಅರ್ಧ ತಾಸಿನ ಮೇಲೆ ಹೊರಗೆ ಬಂದರೆ ಹುಡುಗಿಯರ ದೊಡ್ಡ ಗುಂಪೊಂದು ತಲೆ ಓರೆ ಮಾಡಿಕೊಂಡು ಧ್ವಜ ನೋಡುತ್ತಿತ್ತು. ಹಳದಿ ಮೇಲಿತ್ತು, ಕೆಂಪು ಕೆಳಗಿತ್ತು. ಸಿಂಹ ತಲೆ ಕೆಳಗೆ, ಕಾಲು ಮೇಲೆ.

ವೇದಿಕೆಯ ಮೇಲೆ ಅಧ್ಯಕ್ಷರು ಹೊಸ ಧೋತರ ಉಟ್ಟುಕೊಂಡು, ಕೈ ಜಾಡಿಸಿಕೊಳ್ಳುತ್ತ ನಿಂತಿದ್ದರು.

"ನಾ ಲಗೂನ ಬಂದದ್ದು ಛಲೋ ಆತ್ರಿ ಅಕ್ಕಾರ," ಅಂದರು. "ಯಾರೋ ಕನ್ನಡ ಬಾವುಟ ಉಲ್ಟಾ ಕಟ್ಟಿದ್ರು. ಎದಿ ಧಸಕ್ ಅಂತು. ಬಿಚ್ಚಿ ಸರಿ ಮಾಡಿದೆ."

"ಸರ, ಅದು ನಮ್ಮ ಬಾವುಟ ಅಲ್ರಿ, ಅವರದು! ನಡುವ ಸಿಂಹ ಕಾಣಲಿಲ್ಲೇನ್ರಿ? ಕಾಲು ಮ್ಯಾಲ ಮಾಡೇತಿ!"

ಅಧ್ಯಕ್ಷರು ತಿರುಗಿ ನೋಡಿದರು. ಅವರ ಮುಖದಲ್ಲಿ ಕಳವಳವೇನೂ ಕಾಣಲಿಲ್ಲ.

"ಕಂಡಿತ್ರಿ," ಅಂದರು. "ಈಗ ಆ ಕಡೀ ಮಂದಿ ಎಲ್ಲಾ ಯೋಗ ಮಾಡತಾರಂತ ಕೇಳಿದ್ದೆ."

ಪಕ್ಕದವರು

ಧ್ವಜ ತಿರುಗಿಸಿ ಕಟ್ಟುವುದಕ್ಕೂ ಗಾಡಿ ಬರುವುದಕ್ಕೂ ಸರಿಹೋಯಿತು. ಐದು ಜನ ಇಳಿದರು, ಜೊತೆಗೆ ಅವರ ಮಾತನ್ನು ಕನ್ನಡದಲ್ಲಿ ಹೇಳಲು ಒಬ್ಬ ದುಭಾಷಿ. ಮುಂದೆ ಇದ್ದವರು ಅರವತ್ತು ದಾಟಿದ ಹೆಣ್ಣುಮಗಳು. ಬಿಸಿಲಿಗೆ ಸುಟ್ಟ ಮುಖ, ಮಣ್ಣಿನಲ್ಲಿ ದುಡಿದ ಒರಟು ಕೈ. ಹುಡುಗಿಯರು ಹಾಡಿದರು, ಹೆಡ್ ಮೇಡಂ ಶಾಲು ಹೊದಿಸಿದರು. ಆಮೇಲೆ ಎಲ್ಲರನ್ನೂ ಗೋಡೆಯ ಮುಂದೆ ಕರೆತಂದರು.

ಆ ತಾಯಿ ಗೋಡೆ ನೋಡಿ ನಿಂತುಬಿಟ್ಟರು. ಉಳಿದ ನಾಲ್ವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಬಾಯಿಗೆ ಕೈ ಅಡ್ಡ ಹಿಡಿದ. ಧ್ವಜದ ಕಡೆ ತಿರುಗಿದರು, ಮತ್ತೆ ಗೋಡೆಯ ಕಡೆ ತಿರುಗಿದರು. ಹೆಡ್ ಮೇಡಂ ನನ್ನ ಕೈ ಒತ್ತಿ, "ನೋಡ್ರಿ, ಮಾತ ಬರವಲ್ದು ಅವರಿಗೆ," ಅಂದರು.

ದುಭಾಷಿ ಅವರ ಹತ್ತಿರ ಹೋಗಿ ಕೇಳಿಸಿಕೊಂಡು ಬಂದ.

"ಭಾಳ ಛಂದ ಬರದಾರ ಅಂತ ಹೇಳತಾರ್ರಿ. ಇಷ್ಟು ಛಂದ ತಾವು ಎಲ್ಲೂ ನೋಡಿಲ್ಲಂತ. ಆದ್ರ..."

"ಆದ್ರ?"

"ಇದು ಅವರ ಜಿಲ್ಲಾದ್ದಲ್ಲಂತ್ರಿ. ಪಕ್ಕದ ಜಿಲ್ಲಾದ್ದಂತ."

ಎರಡು ಜಿಲ್ಲೆಗಳ ಹೆಸರೂ ಒಂದೇ ಉದ್ದ. ಶುರುವೂ ಒಂದೇ, ಕೊನೆಯೂ ಒಂದೇ. ನಡುವಿನ ನಾಲ್ಕು ಅಕ್ಷರದಲ್ಲಿ ಹೆಡ್ ಮೇಡಂ ಗಡಿ ದಾಟಿಬಿಟ್ಟಿದ್ದರು. ಆ ಎರಡು ಜಿಲ್ಲೆಯವರಿಗೂ ಯಾರ ದ್ರಾಕ್ಷಿ ಮೇಲು ಅಂತ ತಲೆತಲಾಂತರದ ಪೈಪೋಟಿಯಂತೆ.

"ನಮ್ದೂ ಮಹಾರಾಷ್ಟ್ರದ ತಾಸಗಾಂವಿನ ದ್ರಾಕ್ಷಿಯವರದೂ ಇದ್ದಂಗ," ಅಂದರು ಅಧ್ಯಕ್ಷರು. ಅವರಿಗೆ ಮಾತ್ರ ಎಲ್ಲ ಒಂದೇ ಏಟಿಗೆ ತಿಳಿಯಿತು. ಹೆಡ್ ಮೇಡಂ ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತರು.

ನಾನು ನೋಡಿದ್ದು ಅಪ್ಪನನ್ನು. ಅವನು ಬಾಗಿಲ ಹತ್ತಿರ, ಎಲ್ಲರ ಹಿಂದೆ ನಿಂತಿದ್ದ. ಹತ್ತು ದಿನದ ಕೆಲಸ. ಹತ್ತು ದಿನ ಆ ಕೈಯನ್ನು ಕೋಲಿನ ಮೇಲೆ ಹಿಡಿದಿಟ್ಟುಕೊಂಡಿದ್ದ. ಅವನ ಹತ್ತಿರ ಹೋದೆ.

"ಏನಂತಾರ? ತಪ್ಪಾಗೇತೇನು?"

"ನಿಂದೇನೂ ತಪ್ಪಲ್ಲಪ್ಪಾ. ನಾವು ಕೊಟ್ಟ ಚಿತ್ರದ್ದು ತಪ್ಪು."

"ಗ್ವಾಡಿ ಮ್ಯಾಲಿಂದು ಎಲ್ಲಾ ನಂದ," ಅಂದ.

ಜನರನ್ನು ಸರಿಸಿಕೊಂಡು ಆ ತಾಯಿಯ ಮುಂದೆ ಹೋಗಿ ಕೈ ಮುಗಿದ. "ತಪ್ಪಾತ್ರಿ ಯವ್ವಾ. ನಿಮ್ಮದು ಯಾವದು, ತೋರಸ್ರಿ."

ದುಭಾಷಿ ಹೇಳಿದ. ಅವರು ತಮ್ಮ ಫೋನು ತೆಗೆದು ಹಿಡಿದರು. ಚಿತ್ರ ದೊಡ್ಡದಾಗಿತ್ತು, ಸ್ವಚ್ಛವಾಗಿತ್ತು. ಬಂಗಾರದ ಬಣ್ಣದ ಗುರಾಣಿ, ಅದರ ಮೇಲೆ ಬೆನ್ನಿನ ಕೂದಲು ಸೆಟೆದು, ಕೋರೆ ಹೊರಗೆ ಚಾಚಿ ನಿಂತ ಒಂದು ಕರೀ ಹಂದಿ.

"ಅಯ್ಯ, ಹಂದಿ!" ಅಂದರು ಹೆಡ್ ಮೇಡಂ, ಕುರ್ಚಿಯಲ್ಲಿ ಕೂತಲ್ಲಿಂದಲೇ. ಮರುಕ್ಷಣ ಅವರೊಳಗಿನ ಸಮಾಜ ವಿಜ್ಞಾನ ಎದ್ದು ನಿಂತಿತು, ಜೊತೆಗೆ ಅವರೂ ಎದ್ದರು. "ಅಲ್ಲಲ್ಲ! ವರಾಹ! ನಮ್ಮ ಬಾದಾಮಿ ಚಾಲುಕ್ಯರ ಲಾಂಛನ! ಈ ನೆಲಾ ಆಳಿದ ರಾಜರ ಲಾಂಛನಾನೂ ವರಾಹನ ಅಂತ ಹೇಳ್ರಿ ಅವರಿಗೆ, ಲಗೂ ಹೇಳ್ರಿ!"

ದುಭಾಷಿ ಹೇಳಿದ. ಆ ತಾಯಿ ನಂಬಲಿಲ್ಲ. ಮೇಡಂ ಎಂಟನೆಯ ತರಗತಿಯ ಪುಸ್ತಕ ತರಿಸಿ ತೋರಿಸಿದರು. ಐದೂ ಜನ ಪುಸ್ತಕದ ಮೇಲೆ ಬಗ್ಗಿದರು. ಸಾವಿರಾರು ಮೈಲಿ ದೂರದ ಎರಡು ನೆಲದವರು ತಮ್ಮ ಗುರುತಿಗೆ ಒಂದೇ ಪ್ರಾಣಿಯನ್ನು ಆರಿಸಿಕೊಂಡಿದ್ದರು.

ಅಷ್ಟರಲ್ಲಿ ಅಪ್ಪ ಬೆಂಚು ಎಳೆಯುತ್ತಿದ್ದ. ಸಿಂಹದ ಪಕ್ಕದಲ್ಲಿ ಇನ್ನೂ ಗೋಡೆ ಖಾಲಿ ಇತ್ತು. ಬೇಡ ಅನ್ನಬೇಕು ಅಂದುಕೊಂಡೆ, ಅನ್ನಲಿಲ್ಲ. ಬೆಂಚಿನ ಒಂದು ತುದಿ ನಾನು ಹಿಡಿದೆ. ಇನ್ನೊಂದು ತುದಿಯನ್ನು ಆ ತಾಯಿಯೇ ಬಂದು ಹಿಡಿದರು. ಅವಸರದಲ್ಲಿ ಅಪ್ಪನ ಕೋಲು ಒಳಗೇ ಉಳಿದಿತ್ತು. ತರುತ್ತೇನೆ ಅಂದರೂ ನಿಲ್ಲಲಿಲ್ಲ. ಇದ್ದಿಲು ಹಿಡಿದು ನೇರ ಗೋಡೆಗೆ ಕೈ ಇಟ್ಟ.

ಮೂತಿ ಬಂತು, ಕೋರೆ ಬಂತು, ಗಿಡ್ಡ ಕಾಲು ಬಂದವು. ಬೆನ್ನಿಗೆ ಬಂದಾಗ ಕೈ ನಡುಗತೊಡಗಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಅಪ್ಪ ಕೈಯನ್ನು ತಡೆದಿರಲಿಲ್ಲ, ನಡುಗುವುದಕ್ಕೆ ಬಿಟ್ಟಿದ್ದ. ಇದ್ದಿಲು ನಡುಗುತ್ತ ನಡುಗುತ್ತ ಬೆನ್ನಿನುದ್ದಕ್ಕೂ ಹೋಯಿತು. ಹೋದಲ್ಲೆಲ್ಲ ಹಂದಿಯ ಕೂದಲು ಒಂದೊಂದೇ ಸೆಟೆದು ನಿಂತವು. ಸ್ಥಿರವಾದ ಕೈಗೆ ಅಂಥ ಕೂದಲು ಬರೆಯಲು ಬರುತ್ತಿರಲಿಲ್ಲ. ಇದು ಮಗಳಾಗಿ ಹೇಳುತ್ತಿಲ್ಲ, ಚಿತ್ರ ಕಲಿಸುವವಳಾಗಿ ಹೇಳುತ್ತಿದ್ದೇನೆ.

ಅಪ್ಪ ಇಳಿದಾಗ ಆ ತಾಯಿ ಅವನ ಮಸಿ ಹತ್ತಿದ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಿಡಲೇ ಇಲ್ಲ. ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ ಆಗಿತ್ತು.

"ಪಕ್ಕದವರ ಸಿಂಹ ಅಳಸೂಣೇನು ಕೇಳ್ರಿ," ಅಂದರು ಹೆಡ್ ಮೇಡಂ, ದುಭಾಷಿಗೆ.

ಅವರು ತಲೆ ಅಲ್ಲಾಡಿಸಿದರು. ದುಭಾಷಿ ಹೇಳಿದ: "ಬ್ಯಾಡಂತ್ರಿ. ಸಿಂಹ ಇರಲಿ ಅಂತಾರ. ಹಂದಿ ಮಾತ್ರ ಒಂದೀಟ ದೊಡ್ಡದು ಆಗಬೇಕಂತ."

ಅಂಗಳದಲ್ಲಿ ಎಲ್ಲರೂ ಸುಮ್ಮನೆ, ಗೌರವದಿಂದ ಗೋಡೆ ನೋಡುತ್ತ ನಿಂತಿದ್ದೆವು. ಇಷ್ಟು ಹೊತ್ತು ಯಾಕೆ ಸದ್ದೇ ಇಲ್ಲ ಅಂತ ಬಿಸಿಯೂಟದ ಕೋಣೆಯಿಂದ ಅಡುಗೆಯ ಆಯಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ದಿನಾ ಮುಸುರೆ ಚೆಲ್ಲುವ ಜಾಗಕ್ಕೆ ನುಗ್ಗುವ ಹಂದಿಗಳನ್ನು ಓಡಿಸಿ ಓಡಿಸಿ ಬೇಸತ್ತವಳು. ಗೋಡೆ ನೋಡಿದಳು. ಇದ್ದಿಲು ಹಿಡಿದು ನಿಂತ ಅಪ್ಪನನ್ನು ನೋಡಿದಳು. ಸೌಟನ್ನು ಸೊಂಟಕ್ಕೆ ಇಟ್ಟುಕೊಂಡು, ಐದು ಜನ ಜರ್ಮನರ ಮುಂದೆ, ಗಟ್ಟಿಯಾಗಿ ಅಂದಳು:

"ಊರಾಗಿನ ಹಂದಿ ಹಿಡೀರೆಪ್ಪಾ ಅಂತ ಕಂಡ ಕಂಡವರಿಗೆಲ್ಲಾ ಹೇಳಿ ಹೇಳಿ ನನ್ನ ಬಾಯಿ ಹೋತು. ಕಡೀಕ ಒಂದನ್ನರೆ ಹಿಡದಾಂವ ಈ ಮುತ್ಯಾ ಒಬ್ಬನ ನೋಡು!"